ಮಡಿಯ ಹೊತ್ತಿನ ಮುಖ

ದ್ವೇಷ ತನ್ನ ಮೈಗೆ ಒಗ್ಗುತ್ತಿದೆಯೇನೋ ಅನ್ನುವುದು ಪ್ರಕೃತಿಯ ಅಂದಿನ ಚಿಂತೆ.

ಎದ್ದ ಕೂಡಲೇ ಡೈರಿಯಲ್ಲಿ ಅದನ್ನೇ ಬರೆದಿದ್ದಳು. ಕಳ್ಳಿ ಅನ್ನಿಸಿಕೊಂಡ ಮೇಲೆ ಹಸಿವು ಜಾಸ್ತಿಯಾಗಿದೆ, ನಿದ್ದೆ ಸೊಗಸಾಗಿ ಬರುತ್ತಿದೆ, ಕನ್ನಡಿಯಲ್ಲಿ ಮುಖಕ್ಕೆ ಕಳೆ ಬೇರೆ. ಹೀಗಾಗಬಾರದಲ್ಲ? ಅಷ್ಟು ಬರೆದು ಪೆನ್ನಿನ ಕ್ಯಾಪು ಮುಚ್ಚಿ, ಮತ್ತೊಂದು ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡು ತಿಂದಿದ್ದಳು.

ಈಗ ತ್ಯಾಗರಾಜನಗರದ ಅಜ್ಜಿಯ ಮನೆಯ ಮಹಡಿ ಮೆಟ್ಟಿಲ ಮೇಲೆ ಕೂತು, ಸೇತುರಾಮ ಮಾವ ಕಾರು ನಿಲ್ಲಿಸುವುದನ್ನು ನೋಡುತ್ತಿದ್ದಳು. ಹಿಂದೆ ತೆಗೆದು, ಮುಂದೆ ತಂದು, ಪಕ್ಕದ ಮನೆಯವರ ಸ್ಕೂಟರಿಗೆ ತಾಗದ ಹಾಗೆ ನಿಲ್ಲಿಸಿದ. ಇಳಿದು, ಶಲ್ಯ ಸರಿಮಾಡಿಕೊಂಡು, ಹೊಂಗೆ ಮರದ ನೆರಳು ಕಾರಿನ ಮೇಲೆ ಬೀಳುತ್ತದೋ ಇಲ್ಲವೋ ಅಂತ ತಲೆಯೆತ್ತಿ ನೋಡಿದ. ಎಲ್ಲದರಲ್ಲೂ ಅಚ್ಚುಕಟ್ಟಿನ ಮನುಷ್ಯ.

ಅಜ್ಜಿ ಅಮ್ಮಣ್ಣಿಯವರ ಇಂಟರ್ನೆಟ್ ಬ್ಯಾಂಕಿನ ಖಾತೆ ಬರಿದಾಗಿ ಎರಡು ವಾರವಾಗಿತ್ತು. ದುಡ್ಡು ಯಾರೋ ಅಪರಿಚಿತನ ಖಾತೆಗೆ ಹೋಗಿ, ಅಲ್ಲಿಂದ ಎಲ್ಲಿಗೋ ಹೋಗಿತ್ತು. ಅಜ್ಜಿಗೆ ಆ ಖಾತೆ ತೆಗೆಸಿಕೊಟ್ಟವಳು, ಆ ಬ್ಯಾಂಕೇ ಆಗಬೇಕು ಅಂತ ಹಟ ಹಿಡಿದವಳು ಪ್ರಕೃತಿ. ಜೊತೆಗೆ ಅದೇ ಮನೆಯಲ್ಲಿ ಇರುವವಳೂ ಅವಳೇ. ಅಷ್ಟು ಸಾಕಾಗಿತ್ತು ಎಲ್ಲರಿಗೂ.

ಹೋದ ಭಾನುವಾರ, ಇದೇ ಮನೆಯ ಹಾಲಿನಲ್ಲಿ, ಸೇತುರಾಮ ಅವಳ ತಲೆಯ ಮೇಲೆ ಕೈಯಿಟ್ಟಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೈಯಲಿಲ್ಲ. "ಪಾಪ, ಮಗು. ಏನೋ ವಯಸ್ಸು, ದುಡುಕಿಬಿಟ್ಟಿದೆ. ಕೊಟ್ಬಿಡಮ್ಮ, ಯಾರೂ ಏನೂ ಅನ್ನಲ್ಲ" ಅಂದಿದ್ದ. ಜೆ.ಪಿ. ನಗರದಿಂದ ಬಂದಿದ್ದ ಅವಳ ಅಪ್ಪ, ಅಮ್ಮಣ್ಣಿಯವರ ತಮ್ಮನ ಮಗ ನಂದಕುಮಾರ್, ಬಾಗಿಲ ಹೊರಗೆ ಬಿಟ್ಟಿದ್ದ ತಮ್ಮ ಚಪ್ಪಲಿಯನ್ನೇ ನೋಡುತ್ತ ಕೂತಿದ್ದರು. ನನ್ನ ಮಗಳು ಹಾಗೆ ಮಾಡುವವಳಲ್ಲ ಅನ್ನುವ ಒಂದು ಮಾತು ಅವರ ಬಾಯಿಂದ ಬಂದಿರಲಿಲ್ಲ. ಅಮ್ಮಣ್ಣಿಯವರಂತೂ ಆವತ್ತಿನಿಂದ ಅವಳನ್ನು ಮಾತಾಡಿಸುವುದನ್ನೇ ಬಿಟ್ಟಿದ್ದರು.

ಪ್ರಕೃತಿ ಆಗಲೂ ಬಾಯಿ ಬಿಡಲಿಲ್ಲ. ಬಾಯಿ ಬಿಡದಿರುವುದು ಅವಳ ಹುಟ್ಟುಗುಣ. ಆದರೆ ತಲೆಯ ಮೇಲಿದ್ದ ಆ ಕೈಯ ಭಾರ ಮಾತ್ರ ಇವತ್ತಿಗೂ ಇಳಿದಿರಲಿಲ್ಲ.

ಅವನು ಆ ದುಡ್ಡು ಯಾಕೆ ಹೊಡೆದ ಅನ್ನುವುದು ಅವಳಿಗೆ ಬೇಕಿರಲಿಲ್ಲ. ಅದನ್ನು ಪೊಲೀಸರು ಕೇಳಿಕೊಳ್ಳಲಿ. ಅವಳಿಗೆ ಬೇಕಾಗಿದ್ದು ಇಷ್ಟೇ. ಅದೇ ಹಾಲಿನಲ್ಲಿ, ಅದೇ ಫ್ಯಾನಿನ ಕೆಳಗೆ, ಅದೇ ಜನದ ಎದುರಿಗೆ ಅವನ ಮುಖ ಹೇಗಾಗುತ್ತದೆ ಅಂತ ನೋಡಬೇಕು.

ಅದಕ್ಕೆ ಇವತ್ತೇ ಕೊನೆಯ ದಿನ. ನಾಳೆ ಬೆಳಗ್ಗೆ ಅಮ್ಮಣ್ಣಿಯವರನ್ನು ಸೈಬರ್ ಠಾಣೆಗೆ ಕರೆದುಕೊಂಡು ಹೋಗುವುದಾಗಿ ಸೇತುರಾಮ ಹೇಳಿಯಾಗಿತ್ತು. ಅಲ್ಲಿನ ಸಬ್ ಇನ್ಸ್‌ಪೆಕ್ಟರ್ ವಿಜಯಲಕ್ಷ್ಮಿ ಫೋನಿನಲ್ಲಿ ನೇರವಾಗಿ ಅಂದಿದ್ದರು: "ನೋಡಮ್ಮ, ನಿಮ್ಮಜ್ಜಿ ಬಂದು ನಿನ್ನ ಹೆಸರು ಹೇಳಿದ್ರೆ ನಾನು ಬರ್ಕೊಳ್ಳಲೇಬೇಕು. ಆಮೇಲೆ ನೀನು ಕೆಲಸಕ್ಕೆ ಎಲ್ಲಿ ಅರ್ಜಿ ಹಾಕಿದ್ರೂ ಅದು ನಿನ್ನ ಹಿಂದೇನೇ ಬರುತ್ತೆ."

ದಾರಿ ತೋರಿಸಿದವರೂ ವಿಜಯಲಕ್ಷ್ಮಿಯವರೇ. ದುಡ್ಡು ಕಳಿಸಲು ಹೊಸಬರ ಹೆಸರು ಸೇರಿಸುವಾಗ ಖಾತೆದಾರರ ಮುಖ ತೋರಿಸು ಅನ್ನುವ ಬ್ಯಾಂಕು ಆ ಮುಖದ ಚಿತ್ರವನ್ನೂ ಇಟ್ಟುಕೊಂಡಿರುತ್ತದೆ, ಖಾತೆದಾರರು ಕೇಳಿದರೆ ಕೊಡುತ್ತದೆ, ಕೇಳಿ ನೋಡು ಅಂದಿದ್ದರು. ಪ್ರಕೃತಿ ಹೆದರುತ್ತಲೇ ಅಜ್ಜಿಯ ಹತ್ತಿರ ಹೋಗಿದ್ದಳು. ನಿಮ್ಮ ಬ್ಯಾಂಕಿಗೆ ಒಂದು ಕೋರಿಕೆ ಕಳಿಸಬೇಕು, ಕಳಿಸಲಾ ಅಂತ ಕೇಳಿದ್ದಕ್ಕೆ ಅಮ್ಮಣ್ಣಿ ಹೂವು ಕಟ್ಟುತ್ತ, ಮುಖ ಎತ್ತದೆ, ತಲೆಯಾಡಿಸಿದ್ದರು. ಯಾವ ಕೋರಿಕೆ ಅಂತಲೂ ಕೇಳಲಿಲ್ಲ.

ಮೇಲ್ ಬಂದಿತ್ತು. ಅದನ್ನು ನೋಡಿದ ದಿನವೇ ಪ್ರಕೃತಿಗೆ ಹಸಿವು ಶುರುವಾಗಿದ್ದು.

*

ಆ ಬ್ಯಾಂಕನ್ನು ಆರಿಸಿದ್ದು ಸುಮ್ಮನೆ ಅಲ್ಲ.

ಅಮ್ಮಣ್ಣಿಯವರ ಮಂಡಿನೋವು ಜಾಸ್ತಿಯಾದ ಮೇಲೆ, ಬ್ಯಾಂಕಿಗೆ ಹೋಗುವುದು ಅಂದರೆ ಒಂದು ಯಾತ್ರೆ. ಆಟೋದವನ ಹತ್ತಿರ ಚೌಕಾಸಿ, ಬ್ಯಾಂಕಿನ ಕಡಿದಾದ ಮೆಟ್ಟಿಲು, ಪಾಸ್‌ಬುಕ್ ಮೆಷಿನ್ನು ಕೆಟ್ಟಿದೆ ಊಟದ ಮೇಲೆ ಬನ್ನಿ ಅನ್ನುವ ಕ್ಲರ್ಕು. ಇಂಟರ್ನೆಟ್ ಬ್ಯಾಂಕಾದರೆ ಮನೆಯಲ್ಲೇ ಕೂತು ಕರೆಂಟು ಬಿಲ್ಲು ಕಟ್ಟಬಹುದು, ಠೇವಣಿ ಮಾಡಬಹುದು, ಪಿಂಚಣಿ ಬಂತೋ ಇಲ್ಲವೋ ಅಂತ ಹಾಸಿಗೆಯಿಂದಲೇ ನೋಡಬಹುದು. ಅಮ್ಮಣ್ಣಿಯವರಿಗೆ ಮೊದಮೊದಲು ಭಯ, ಆಮೇಲೆ ಹೆಮ್ಮೆ. ಪಾರ್ಕಿನ ಗೆಳತಿಯರಿಗೆ ತೋರಿಸಿಕೊಂಡು ಬಂದಿದ್ದರು.

ಯಾವ ಬ್ಯಾಂಕು ಅನ್ನುವಾಗ ಮಾತ್ರ ಸೇತುರಾಮ ಅಡ್ಡ ಬಂದಿದ್ದ. ಅವನು ಹೇಳಿದ ಬ್ಯಾಂಕಿನಲ್ಲಿ ಬಡ್ಡಿ ಸ್ವಲ್ಪ ಜಾಸ್ತಿ, ರಗಳೆ ಕಡಿಮೆ, ಮೊಬೈಲಿಗೆ ಒಂದು ನಂಬರ್ ಬಂದರೆ ಸಾಕು ಎಲ್ಲ ಕೆಲಸವೂ ಆಗುತ್ತದೆ. ಪ್ರಕೃತಿ ಬೇಡ ಅಂದಳು. ಅವಳ ಲೆಕ್ಕದಲ್ಲಿ ಬಡ್ಡಿ ಕೊನೆಯದು. ಠೇವಣಿಗೆ ವಿಮೆ ಇದೆಯೇ, ಫೋನ್ ಮಾಡಿದರೆ ಮನುಷ್ಯರು ಎತ್ತಿಕೊಳ್ಳುತ್ತಾರೆಯೇ, ದೊಡ್ಡ ಮೊತ್ತ ಹೋಗುವ ಮುನ್ನ ಒಂದು ದಿನ ತಡೆಯುತ್ತದೆಯೇ, ಹೊಸಬರ ಹೆಸರು ಸೇರಿಸುವಾಗ ಮುಖ ಕೇಳುತ್ತದೆಯೇ, ಇವು ಮೊದಲು. ಇಷ್ಟೂ ಇದ್ದದ್ದು ಒಂದೇ ಬ್ಯಾಂಕಿನಲ್ಲಿ. "ಏನು ಕಾಟವಪ್ಪ, ದುಡ್ಡು ನಮ್ದೋ ಅವರ್ದೋ" ಅಂತ ಸೇತುರಾಮ ನಕ್ಕಿದ್ದ.

ಆ ನಗುವಿನ ಅರ್ಥ ಅವಳಿಗೆ ಈಗ ಆಗುತ್ತಿತ್ತು.

*

ಹಾಲಿಗೆ ಬಂದಾಗ ಎಲ್ಲರೂ ಕೂತಾಗಿತ್ತು.

ಅಮ್ಮಣ್ಣಿಯವರದು ಇನ್ನೂ ಪೂಜೆ ಆಗಿರಲಿಲ್ಲ. ಮಡಿಕೋಲಿನಿಂದ ಗಳುವಿನ ಮೇಲೆ ಹರವಿ ಒಣಗಿಸಿದ್ದ ಸೀರೆಯುಟ್ಟು, ಅಡುಗೆಮನೆಯ ಹೊಸ್ತಿಲಿನಾಚೆ ಮಣೆ ಹಾಕಿಕೊಂಡು ಕೂತಿದ್ದರು. ಊಟವಾಗುವ ತನಕ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ, ಅವರೂ ಏನನ್ನೂ ಮುಟ್ಟುವುದಿಲ್ಲ. ಫೋನಂತೂ ಹಾಲಿನ ಕಿಟಕಿಯ ಮೇಲೇ ಬಿದ್ದಿರುತ್ತದೆ. ಕರೆ ಬಂದರೆ ಪ್ರಕೃತಿ ಹೊಸ್ತಿಲ ಈಚೆಯಿಂದ ಹಿಡಿದು ಸ್ಪೀಕರ್ ಹಾಕುತ್ತಾಳೆ. ಫೋನಿನ ಪಿನ್ನು ಮನೆಗೆ ಬಂದುಹೋಗುವವರಿಗೆಲ್ಲ ಗೊತ್ತು.

ಹೊತ್ತನ್ನು ಗೊತ್ತುಮಾಡಿದವಳು ಪ್ರಕೃತಿಯೇ. ಅಪ್ಪನ ಮೂಲಕ, ಬೆಳಗ್ಗೆಯೇ ಸೇರೋಣ, ಅಜ್ಜಿಗೆ ಮಧ್ಯಾಹ್ನ ಸುಸ್ತಾಗುತ್ತದೆ ಅಂತ ಹೇಳಿಸಿದ್ದಳು. ಅಡುಗೆಯ ಗುಂಡಣ್ಣನನ್ನು ಕರೆಸಿದ್ದೂ ಅವಳೇ. ಅಮ್ಮಣ್ಣಿಯವರ ಯಜಮಾನರ ತಿಥಿಗೆ ವರ್ಷಾ ವರ್ಷ ಅಡುಗೆ ಮಾಡುವವನು ಅವನು. ತಿಥಿ ಮಾಡುವವನು ಸೇತುರಾಮ. ಅಮ್ಮಣ್ಣಿಯವರಿಗೆ ಮಕ್ಕಳಿಲ್ಲ, ಗಂಡನ ಅಣ್ಣನ ಮಗ ಇವನು, ಹಾಗಾಗಿ ಪಿಂಡ ಇಡುವ ಹಕ್ಕು ಇವನದು.

ಬ್ಯಾಂಕಿನ ದಾಖಲೆಯ ಪ್ರಕಾರ ಆ ಅಪರಿಚಿತನ ಹೆಸರು ಖಾತೆಗೆ ಸೇರಿದ್ದು ತಿಥಿಯ ದಿನ ಬೆಳಗ್ಗೆ, ಪುರೋಹಿತರು ಬರುವುದಕ್ಕೂ ಮುಂಚೆ. ದುಡ್ಡು ಮಾರನೆಯ ದಿನ ಹೋಗುವ ಹಾಗೆ ಆಗಲೇ ಗೊತ್ತುಮಾಡಿಟ್ಟಿದ್ದರು. ಮಾರನೆಯ ದಿನ ಬಂದ ಎಚ್ಚರಿಕೆಯ ಮೆಸೇಜನ್ನು ಅಮ್ಮಣ್ಣಿ ನೋಡಿರಲಿಲ್ಲವಂತೆ.

"ಏನಮ್ಮ, ಮನಸ್ಸು ಗಟ್ಟಿ ಮಾಡ್ಕೊಂಡ್ಯಾ?" ಅಂದ ಸೇತುರಾಮ. ಅದೇ ಮೆತ್ತಗಿನ ದನಿ. ಅವಳ ಅಪ್ಪನ ಕಡೆ ತಿರುಗಿ, ಇವತ್ತು ಒಪ್ಪಿಕೊಂಡುಬಿಟ್ಟರೆ ಠಾಣೆಯ ಮಾತೇ ಬೇಡ, ಮನೆ ವಿಷಯ ಮನೆಯಲ್ಲೇ ಮುಗಿಯಲಿ ಅಂತ ಸಮಾಧಾನ ಹೇಳಿದ. ನಂದಕುಮಾರ್ ನಿಟ್ಟುಸಿರು ಬಿಟ್ಟು, ಈ ಆನ್‌ಲೈನು ಗೀನ್‌ಲೈನು ಬೇಡ ಅಂತ ನಾನು ಅವತ್ತೇ ಹೇಳಿದ್ದೆ, ಪಾಸ್‌ಬುಕ್ಕೇ ಚೆನ್ನಾಗಿತ್ತು ಅಂದರು.

ಪಾಸ್‌ಬುಕ್ಕಿಗೆ ಕಣ್ಣಿಲ್ಲ ಅಪ್ಪ, ಅಂದುಕೊಂಡಳು ಪ್ರಕೃತಿ. ಹೆಬ್ಬೆಟ್ಟು ಯಾರು ಒತ್ತಿಸಿದರು ಅಂತ ಯಾವ ಚೀಟಿಯೂ ಹೇಳುವುದಿಲ್ಲ.

ಅಂದುಕೊಂಡಳಷ್ಟೆ. ಬಾಯಿಂದ ಬಂದದ್ದು ಒಂದು ಪ್ರಶ್ನೆ. ಎದುರಿಗೆ ನಿಂತು ಹೇಳುವುದು ಅವಳಿಂದ ಆಗದ ಕೆಲಸ. ಕೇಳುವುದು ಆಗಬಹುದು ಅಂತ ಲೆಕ್ಕ ಹಾಕಿದ್ದಳು.

"ಗುಂಡಣ್ಣ, ತಿಥಿ ದಿನ ಬೆಳಗ್ಗೆ ಮಡೀಲಿ ಯಾರ್ಯಾರಿದ್ರು?"

ಗುಂಡಣ್ಣನಿಗೆ ಬನಶಂಕರಿಯಲ್ಲಿ ಮಾರನೆಯ ದಿನದ ಉಪನಯನಕ್ಕೆ ತರಕಾರಿ ಆರಿಸುವುದಿತ್ತು. ಬೇಗ ಮುಗಿದರೆ ಸಾಕು ಅನ್ನುವ ಹಾಗೆ ಬೆರಳು ಮಡಿಚಿದ.

"ಪುರೋಹಿತ್ರು ಬರೋಕ್ ಮುಂಚೇನಾ? ಅಮ್ಮಣ್ಣಮ್ಮೋರು, ನಾನು, ಸೇತುರಾಮಪ್ನೋರು. ಮುಗೀತು. ಮಿಕ್ಕಿದ್ದು ನೀವೆಲ್ಲ ಮೈಲಿಗೆ ಪಾರ್ಟಿ."

"ಮಾವ," ಪ್ರಕೃತಿ ಸೇತುರಾಮನ ಕಡೆ ತಿರುಗಿದಳು. ಕಣ್ಣು ಮಾತ್ರ ಅವನ ಶಲ್ಯದ ಅಂಚಿನ ಮೇಲೆ. "ಆವತ್ತು ಸ್ನಾನ ಆದ್ಮೇಲೆ ನೀವು ಏನಾದ್ರೂ ಮುಟ್ಟಿದ್ರಾ? ಫೋನು, ಗೀನು?"

ಪ್ರಶ್ನೆ ಅವನಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಬದಲಿಗೆ ಅವನು ಬೆನ್ನು ನೆಟ್ಟಗೆ ಮಾಡಿಕೊಂಡ. ಅವಳು ಕಾದದ್ದೂ ಅದಕ್ಕೇ.

"ನಾನಾ? ನನ್ನ ಫೋನು ಕಾರಲ್ಲೇ ಬಿಟ್ಟಿದ್ದೆ. ಬೇಕಾದ್ರೆ ನಿಮ್ಮಪ್ಪನ್ನ ಕೇಳು, ಮೂರು ಸಲ ಮಾಡಿದ್ನಂತೆ, ನಾನು ಎತ್ತಲಿಲ್ಲ. ಚಿಕ್ಕಪ್ಪನಿಗೆ ಪಿಂಡ ಇಡೋ ಕೈ ಇದು ತಾಯಿ. ಆವತ್ತು ಈ ಕೈ ದರ್ಭೆ ಬಿಟ್ಟು ಬೇರೇನೂ ಮುಟ್ಟಿಲ್ಲ."

ಹೌದೌದು ಅಂತ ನಂದಕುಮಾರ್ ತಲೆಯಾಡಿಸಿದರು. ಗುಂಡಣ್ಣನೂ ಆಡಿಸಿದ.

ಸಾಕು. ಅವನ ಬಾಯಿಂದಲೇ ಬಂತು, ಇಷ್ಟು ಜನದ ಮುಂದೆ. ಪ್ರಕೃತಿಯ ಎದೆಯೊಳಗೆ ಏನೋ ಬೆಚ್ಚಗೆ ಹರಿಯಿತು.

ಅವಳು ಕಿಟಕಿಯ ಮೇಲಿನ ಫೋನು ತಗೊಂಡಳು. ಪಿನ್ನು ಒತ್ತಿ ಬ್ಯಾಂಕಿನ ಆ್ಯಪ್ ತೆರೆದು, ಹೊಸ ಹೆಸರು ಸೇರಿಸುವ ಜಾಗಕ್ಕೆ ಹೋದಳು. ಪರದೆಯ ಮೇಲೆ ಮೊಟ್ಟೆಯಾಕಾರದ ಒಂದು ಗೆರೆ ಮೂಡಿತು. ಹೊಸ್ತಿಲ ಈಚೆ ನಿಂತು, ಯಾವಾಗಲೂ ಹಿಡಿಯುವ ಹಾಗೇ, ಅಜ್ಜಿಯ ಕಡೆ ಹಿಡಿದಳು.

"ಅಜ್ಜಿ, ಒಂದ್ಸಲ ಇಲ್ಲಿ ನೋಡ್ತೀರಾ?"

ಅಮ್ಮಣ್ಣಿ ನೋಡಿದರು. ಗೆರೆಯ ನಡುವೆ ಅವರ ಮುಖ ನಿಂಬೆಹಣ್ಣಿನಷ್ಟು ಕಂಡಿತು. ಮುಖವನ್ನು ಹತ್ತಿರ ತನ್ನಿ, ಅಂತ ಫೋನಿನೊಳಗಿನ ಹೆಣ್ಣುದನಿ ಹೇಳಿತು. ಪ್ರಕೃತಿ ಕೈ ಚಾಚಿದಳು. ಹತ್ತಿರ ತನ್ನಿ. ಒಂದು ಕಾಲನ್ನು ಹೊಸ್ತಿಲಿನಾಚೆ ಇಟ್ಟಳು.

ಅಮ್ಮಣ್ಣಿ ಮಣೆಸಮೇತ ಹಿಂದಕ್ಕೆ ಸರಿದರು. "ಅಲ್ಲೇ ನಿಂತ್ಕೋ. ಮಡಿ."

ವಾರದಿಂದ ಮಾತಾಡಿಸದ ಅಜ್ಜಿಯ ಮೊದಲ ಮಾತು ಅದು.

ಹತ್ತಿರ ತನ್ನಿ, ಹತ್ತಿರ ತನ್ನಿ ಅಂತ ಎರಡು ಸಲ ಅಂಗಲಾಚಿ ಆ್ಯಪ್ ತಾನೇ ಮುಚ್ಚಿಕೊಂಡಿತು. ನಂದಕುಮಾರ್ ಅಂದು ಮೊದಲ ಸಲ ಮಗಳ ಮುಖ ನೋಡಿದರು. ಅವರು ಲೆಕ್ಕದ ಮೇಷ್ಟ್ರಾಗಿ ನಿವೃತ್ತಿಯಾದವರು. ಲೆಕ್ಕ ಬಿಡಿಸುವುದಕ್ಕೆ ಹೊತ್ತು ಹಿಡಿಯಲಿಲ್ಲ.

"ಅಂದ್ರೆ... ಮಡಿಯ ಹೊತ್ತಲ್ಲಿ ಇವಳು ಹಿಡಿದಿದ್ರೆ..."

"ಮುಖಾನೇ ಸಿಗ್ತಿರ್ಲಿಲ್ಲ" ಅಂತ ಗುಂಡಣ್ಣ ಮುಗಿಸಿದ. "ಮಡೀಲಿರೋರೇ ಹತ್ರ ಹೋಗಿ ಹಿಡೀಬೇಕು." ಅಂದ ಮೇಲೆ, ತಾನು ಅಂದದ್ದು ಏನು ಅಂತ ಅವನಿಗೇ ಹೊಳೆದು ಮುಖ ಬಿಳಿಚಿತು. "ಅಯ್ಯೋ, ನಾನಲ್ಲಪ್ಪ. ಆ ಸುಡುಗಾಡು ಮುಟ್ಟಿದ್ರೆ ಮಾಡಿದ ಅಡುಗೆಯೆಲ್ಲ ಚೆಲ್ಬೇಕಾಗ್ತಿತ್ತು."

ಪ್ರಕೃತಿ ಟೀವಿ ಹಾಕಿದಳು.

ಗೋಡೆಯ ಅರ್ಧ ತುಂಬುವ ಟೀವಿ ಅದು, ಅಮ್ಮಣ್ಣಿಯವರು ಧಾರಾವಾಹಿ ನೋಡುವುದಕ್ಕೆ ಅಂತ ಸೇತುರಾಮನೇ ತಂದುಕೊಟ್ಟದ್ದು. ಚಿತ್ರವನ್ನು ಫೋನಿನಲ್ಲೇ ತೋರಿಸಬಹುದಿತ್ತು. ಆದರೆ ಅವಳಿಗೆ ದೊಡ್ಡದಾಗಿ ಬೇಕಿತ್ತು.

ಅಮ್ಮಣ್ಣಿಯವರ ಮುಖ ಪರದೆಯ ತುಂಬ ಮೂಡಿತು. ಒದ್ದೆಗೂದಲು, ಹೆಗಲ ಮೇಲೆ ಅದೇ ಮಡಿಸೀರೆ. ಒಂದು ಮೊಳದೊಳಗಿಂದ ತೆಗೆದ ಚಿತ್ರ, ರೆಪ್ಪೆಯ ಕೂದಲು ಕೂಡ ಎಣಿಸಬಹುದಿತ್ತು. ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ನೋಡುತ್ತಿತ್ತು, ಅವರು ಗಲ್ಲ ಎತ್ತಿ ಮೇಲಕ್ಕೆ ನೋಡುತ್ತಿದ್ದರು. ಹಿಡಿದವರು ಎತ್ತರದ ಆಳು. ಮೂಲೆಯಲ್ಲಿ ತಿಥಿಯ ದಿನದ ತಾರೀಖು. ಮತ್ತೆ ಅವರ ಭುಜದ ಹಿಂದೆ, ಒಲೆಯ ಮುಂದೆ, ಜನಿವಾರ ಅಡ್ಡಬಿದ್ದ ಒಂದು ಅಗಲವಾದ ಬರಿಬೆನ್ನು.

"ನನ್ ಬೆನ್ನು!" ಅಂದ ಗುಂಡಣ್ಣ. ಬದುಕಿದೆ ಅನ್ನುವ ದನಿಯಲ್ಲಿ. ಆಮೇಲೆ ಮೆಲ್ಲಗೆ, "ಇಷ್ಟು ದಪ್ಪ ಆಗಿದೀನಾ?"

ಮಡಿಯಲ್ಲಿದ್ದ ಮೂವರಲ್ಲಿ ಒಬ್ಬರು ಕ್ಯಾಮೆರಾದ ಮುಂದೆ. ಒಬ್ಬನ ಬೆನ್ನು ಅವರ ಹಿಂದೆ. ಮೂರನೆಯವನು ಎಲ್ಲಿ ನಿಂತಿದ್ದ ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ.

ನಂದಕುಮಾರ್ ಎದ್ದು ನಿಂತರು. ದುಡ್ಡಿನ ಮಾತು ಎತ್ತಲಿಲ್ಲ.

"ಸೇತು. ಅದೇ ಕೈಯಲ್ಲಿ ಪಿಂಡ ಇಟ್ಯಾ?"

ಸೇತುರಾಮನ ಮುಖ ಬದಲಾಯಿತು. ಪ್ರಕೃತಿ ಒಂದಿಷ್ಟೂ ಬಿಡದೆ ನೋಡಿದಳು. ಮೊದಲು ತುಟಿ ಒಣಗಿತು. ಆಮೇಲೆ ಹಣೆಯ ಗಂಧದ ಮೇಲೆ ಬೆವರು ಒಡೆಯಿತು. ಶಲ್ಯದ ತುದಿಯಿಂದ ಒರೆಸಿಕೊಳ್ಳಲು ಹೋದಾಗ ಗಂಧ ಹರಡಿ ಹುಬ್ಬಿಗೆ ಮೆತ್ತಿತು. ಅಚ್ಚುಕಟ್ಟಿನ ಮನುಷ್ಯನ ಅಚ್ಚುಕಟ್ಟು ಕಣ್ಣೆದುರೇ ಕೆಟ್ಟಿತು. ದುಡ್ಡು ಹೊಡೆದ ಅಂದಿದ್ದರೆ ವಕೀಲರನ್ನು ಹಿಡಿದು ಪಾರಾಗುತ್ತಿದ್ದನೇನೋ. ತಿಥಿಯ ದಿನ ಮೈಲಿಗೆ ಕೈಯಲ್ಲಿ ಪಿಂಡ ಇಟ್ಟವನು ಅಂದ ಮೇಲೆ ಈ ಮನೆತನದಲ್ಲಿ ಯಾವ ವಕೀಲನೂ ಉಳಿಸಲಾರ. ಇನ್ನು ಯಾರ ಮದುವೆ, ಯಾರ ಗೃಹಪ್ರವೇಶಕ್ಕೆ ಹೋದರೂ ಇವನ ಬೆನ್ನ ಹಿಂದೆ ಇದೇ ಪಿಸುಮಾತು.

ಅವಳು ಅವನ ಕುರ್ಚಿಯ ಹತ್ತಿರ ಹೋದಳು. ಒಂದು ವಾರದಿಂದ ಇದನ್ನೇ ಅಭ್ಯಾಸ ಮಾಡಿದ್ದಳು. ಅವನ ತಲೆಯ ಮೇಲೆ ಕೈಯಿಡುವುದು, ಕೊಟ್ಟುಬಿಡಿ ಮಾವ, ಯಾರೂ ಏನೂ ಅನ್ನಲ್ಲ ಅನ್ನುವುದು. ಕೈ ಎತ್ತಿಯೂ ಎತ್ತಿದಳು.

ಸೇತುರಾಮ ತಲೆಯೆತ್ತಿ ಅವಳನ್ನು ನೋಡಿದ. ಕಣ್ಣಿನಲ್ಲಿ ಭಯ ಇರಲಿಲ್ಲ. ಇದ್ದದ್ದು ಸಿಟ್ಟು, ಆದರೆ ಅವಳ ಮೇಲಿನದಲ್ಲ.

"ಮಿಕ್ಕಿದ್ದೂ ಹಾಕು" ಅಂದ.

ಅವಳಿಗೆ ಅರ್ಥವಾಗಲಿಲ್ಲ.

"ಮೂರು ತೆಗೆಯುತ್ತೆ ಅದು. ನೇರ ಒಂದು, ಬಲಕ್ಕೆ ಒಂದು, ಎಡಕ್ಕೆ ಒಂದು. ನಾನೊಬ್ಬನೇ ಯಾಕೆ ಅನುಭವಿಸ್ಲಿ? ಮಿಕ್ಕಿದ್ದೂ ಹಾಕಮ್ಮ."

"ಸೇತು." ಹೊಸ್ತಿಲಿನಾಚೆಯಿಂದ ಅಮ್ಮಣ್ಣಿಯವರ ದನಿ. ಗಟ್ಟಿಯಾಗಿರಲಿಲ್ಲ. "ಸಾಕು ಬಿಡು."

ಮೇಲ್‌ನಲ್ಲಿ ಮೂರು ಚಿತ್ರ ಬಂದಿದ್ದವು, ನಿಜ. ಮೊದಲನೆಯದರಲ್ಲಿ ಗುಂಡಣ್ಣನ ಬೆನ್ನು ಸಿಕ್ಕ ಕೂಡಲೇ ಪ್ರಕೃತಿ ಬೇರೆಯದನ್ನು ಹುಡುಕಲಿಲ್ಲ. ಮಿಕ್ಕ ಎರಡರ ಮೇಲೆ ಸುಮ್ಮನೆ ಕಣ್ಣಾಡಿಸಿ ಬಿಟ್ಟಿದ್ದಳು. ಅವಳಿಗೆ ಬೇಕಾದವನು ಸಿಕ್ಕಿಯಾಗಿತ್ತಲ್ಲ.

ಇನ್ನೊಂದು ಕೈಯಲ್ಲಿದ್ದ ರಿಮೋಟು ಒತ್ತಿದಳು.

ಎರಡನೆಯದು. ಅಮ್ಮಣ್ಣಿ ಬಲಕ್ಕೆ ತಿರುಗಿದ್ದಾರೆ. ಚಿತ್ರ ಅಲುಗಾಡಿ ಮಸುಕಾಗಿದೆ. ಹಿಡಿದವನ ಕೈ ನಡುಗಿದೆ.

ಮೂರನೆಯದು. ಎಡಕ್ಕೆ ತಿರುಗಿದ್ದಾರೆ. ಈಗ ಚಿತ್ರ ಸ್ಪಷ್ಟ, ಒಂದಿಷ್ಟೂ ಅಲುಗಾಟವಿಲ್ಲ. ಕ್ಯಾಮೆರಾ ಮೇಲಿನಿಂದ ಇಳಿದು ಅವರ ಮುಖದ ಮಟ್ಟಕ್ಕೇ ಬಂದಿದೆ. ಮಡಿಸೀರೆಯ ಸೆರಗಿನೊಳಗಿಂದ ಒಂದು ತೋಳು ಹೊರಟು, ಚಿತ್ರದ ಕೆಳಅಂಚಿನ ಕಡೆಗೆ, ಫೋನಿನ ಕಡೆಗೆ, ನೆಟ್ಟಗೆ ಚಾಚಿದೆ. ತೋಳಿನಲ್ಲಿ ಒಂಟಿ ಚಿನ್ನದ ಬಳೆ.

ಗುಂಡಣ್ಣ ಬಾಯಿಯ ಮೇಲೆ ಕೈಯಿಟ್ಟುಕೊಂಡ. ನಂದಕುಮಾರ್ ಟೀವಿಯಿಂದ ಅಡುಗೆಮನೆಯ ಕಡೆಗೆ, ಅಲ್ಲಿಂದ ಮತ್ತೆ ಟೀವಿಯ ಕಡೆಗೆ ನೋಡಿದರು. ಮೊಮ್ಮಗಳ ಕಾಲು ಹೊಸ್ತಿಲು ದಾಟಿದ್ದಕ್ಕೇ ಮಣೆಸಮೇತ ಸರಿದ ಹೆಂಗಸು, ಗಂಡನ ತಿಥಿಯ ದಿನ, ಮಡಿಯಲ್ಲಿ, ತಾವೇ ಫೋನು ಹಿಡಿದು ಮುಖ ತೋರಿಸಿದ್ದರು.

ಪ್ರಕೃತಿಗೆ ಕೈಯಲ್ಲಿದ್ದ ರಿಮೋಟು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಎಲ್ಲ ಗೊತ್ತಿದ್ದೂ ಅಜ್ಜಿ ಇಷ್ಟು ದಿನ ಹೂವು ಕಟ್ಟುತ್ತ, ಮುಖ ತಿರುಗಿಸಿಕೊಂಡು, ಇವಳು ಕಳ್ಳಿ ಅಂತ ಊರು ಅನ್ನುವುದನ್ನು ಕೇಳಿಸಿಕೊಂಡು ಕೂತಿದ್ದರು. ನಾಳೆ ಠಾಣೆಗೂ ಹೊರಟಿದ್ದರು.

ಸೇತುರಾಮನ ತಲೆಯ ಮೇಲೆ ಎತ್ತಿದ್ದ ಕೈಯನ್ನು ಅವಳು ಇಳಿಸಿದಳು. ಹೊಸ್ತಿಲ ಹತ್ತಿರ ಹೋದಳು. ಈ ಸಲ ನಿಲ್ಲಲಿಲ್ಲ, ದಾಟಿದಳು. ಅಮ್ಮಣ್ಣಿ ಹಿಂದೆ ಸರಿಯಲಿಲ್ಲ. ಸರಿಯಲು ಜಾಗವೂ ಇರಲಿಲ್ಲ, ಬೆನ್ನಿಗೆ ಗೋಡೆ.

ಬೆಳಗ್ಗೆಯಿಂದ ಅವಳು ಬರೀ ಪ್ರಶ್ನೆ ಕೇಳಿದ್ದಳು. ಈಗ ಕೇಳುವುದು ಏನೂ ಉಳಿದಿರಲಿಲ್ಲ.

"ಇದು ನಿಮ್ಮ ಕೈ, ಅಜ್ಜಿ" ಅಂದಳು, ಎಲ್ಲರಿಗೂ ಕೇಳುವ ಹಾಗೆ.